ಕುದುರೆ ಕಳುವಾದರೆ ಬಾಗಿಲು ಹಾಕುತ್ತಿದ್ದ ಪೇಟೆ

ರಷ್ಯಾದ ಬುರ್ಯಾತಿಯಾ ಗಣರಾಜ್ಯದ ರಾಜಧಾನಿ ಉಲಾನ್ ಉದೆ. ಅಲ್ಲಿಂದ ದಕ್ಷಿಣಕ್ಕೆ ಸುಮಾರು 230 ಕಿ.ಮೀ. ಹೋದರೆ ರಸ್ತೆ ಮಂಗೋಲಿಯಾದ ಗಡಿಗೆ ಮುಟ್ಟುತ್ತದೆ. ಗಡಿಯ ಈಚೆ ಇರುವ ಊರು ಕ್ಯಾಖ್ತಾ. ಜನಸಂಖ್ಯೆ 20 ಸಾವಿರದ ಆಸುಪಾಸು. ಮರದ ಹಳೆಯ ಮನೆಗಳು, ಒಂದು ವಸ್ತುಸಂಗ್ರಹಾಲಯ, ಪಾಳುಬಿದ್ದ ಮೇಲೆ ಮತ್ತೆ ಎದ್ದು ನಿಂತ ಒಂದು ಚರ್ಚು, ಲಾರಿಗಳು ಸಾಲುಗಟ್ಟುವ ಗಡಿ ಠಾಣೆ. ನೋಡಿದವರು ಇದನ್ನು ಸಾಧಾರಣ ತಾಲ್ಲೂಕು ಕೇಂದ್ರವೆಂದೇ ಎಣಿಸಬಹುದು. ಆದರೆ ರಷ್ಯನ್ ಮತ್ತು ಚೀನೀ ಸಾಮ್ರಾಜ್ಯಗಳ ನಡುವಿನ ಜಗಳಗಳು ನೂರಾರು ವರ್ಷ ಬಗೆಹರಿದದ್ದು, ಅಥವಾ ಬಗೆಹರಿಯದೆ ಕೊಳೆತದ್ದು, ಬಹುಪಾಲು ಇಲ್ಲಿಯೇ. ಬಗೆಹರಿಸಿದವರು ಚಕ್ರವರ್ತಿಗಳಲ್ಲ, ಗಡಿಯ ಎರಡು ಬದಿಯ ಕೆಳಹಂತದ ಅಧಿಕಾರಿಗಳು. ಅವರ ಮುಂದೆ ಬರುತ್ತಿದ್ದ ವ್ಯಾಜ್ಯಗಳೂ ದೊಡ್ಡವಲ್ಲ. ಕಳುವಾದ ಕುದುರೆ, ಓಡಿಬಂದ ಆಳು, ತೀರದ ಸಾಲ.

ಊರು ಹುಟ್ಟಿದ್ದು ಒಪ್ಪಂದವೊಂದರಿಂದ. 1689ರ ನೆರ್ಚಿನ್ಸ್ಕ್ ಒಪ್ಪಂದ ಪೂರ್ವದ ಅಮುರ್ ಸೀಮೆಯ ಗಡಿಯನ್ನಷ್ಟೇ ಗುರುತಿಸಿತ್ತು. ಚೀನೀ ಸಾಮ್ರಾಜ್ಯದ ಕೈಸೇರಿದ ಮಂಗೋಲಿಯಾದ ಉದ್ದಕ್ಕೂ ಗೆರೆ ಎಲ್ಲಿ ಎಂಬುದು ಇತ್ಯರ್ಥವಾಗಿರಲಿಲ್ಲ. 1727ರಲ್ಲಿ ರಷ್ಯಾದ ಪರವಾಗಿ ಸಾವಾ ವ್ಲಾದಿಸ್ಲಾವಿಚ್ ಮಾತುಕತೆಗೆ ಕುಳಿತ. ಮೂಲತಃ ಸರ್ಬಿಯನ್ ವ್ಯಾಪಾರಿ. ಮರುವರ್ಷ ಕ್ಯಾಖ್ತಾ ಒಪ್ಪಂದ ವಿನಿಮಯವಾಯಿತು. ಬೆಟ್ಟದ ನೆತ್ತಿಗಳಲ್ಲೂ ಹೊಳೆಯ ದಂಡೆಗಳಲ್ಲೂ ಕಲ್ಲುಗುಪ್ಪೆ ಇಟ್ಟು ಗಡಿ ಗುರುತಿಸಿದರು. ಆಡಳಿತ, ಕೋಟೆಗೆ ತ್ರೋಯಿತ್ಸ್ಕೊಸಾವ್ಸ್ಕ್ ಎಂಬ ಊರು ಕಟ್ಟಿದರು. ಅದರಿಂದ ಕೆಲವೇ ಕಿ.ಮೀ. ದೂರದಲ್ಲಿ, ಗೆರೆಯ ಪಕ್ಕಕ್ಕೇ, ಕ್ಯಾಖ್ತಾ ಎಂಬ ವ್ಯಾಪಾರದ ಪೇಟೆ ಎದ್ದಿತು. ಅದರ ಎದುರಿಗೆ ಕೂಗಳತೆಯಲ್ಲಿ ಚೀನೀ ವ್ಯಾಪಾರಿಗಳು ಮೈಮೈಚೆಂಗ್ ಕಟ್ಟಿಕೊಂಡರು. ಈಗ ಕ್ಯಾಖ್ತಾ ಎಂದು ಕರೆಯುವುದು ರಷ್ಯಾ ಬದಿಯ ಎರಡು ಊರುಗಳೂ ಸೇರಿದ್ದನ್ನು.

ಮೈಮೈಚೆಂಗ್ ವಿಚಿತ್ರ ಊರು. ಅಲ್ಲಿ ಹೆಂಗಸರಿಗೆ ಪ್ರವೇಶವಿಲ್ಲ. ಹಗಲು ರಷ್ಯಾದ ಪೇಟೆಗೆ ಬಂದು ಚೌಕಾಸಿ ಮಾಡುವ ಚೀನೀ ವ್ಯಾಪಾರಿ ಹೊತ್ತು ಮುಳುಗುವುದರೊಳಗೆ ತನ್ನ ಬೇಲಿಯೊಳಗೆ ಸೇರಬೇಕು. ಹಣದ ಚಲಾವಣೆ ನಿಷಿದ್ಧ, 1855ರವರೆಗೂ ಸರಕಿಗೆ ಸರಕು. ಆ ಕಡೆಯಿಂದ ಚಹಾ, ರೇಷ್ಮೆ, ಹತ್ತಿಬಟ್ಟೆ, ಔಷಧಕ್ಕೆ ಬಳಸುವ ರೇವಲ್ಚಿನ್ನಿ ಬೇರು. ಈ ಕಡೆಯಿಂದ ತುಪ್ಪುಳಿನ ತೊಗಲು, ಹದ ಮಾಡಿದ ಚರ್ಮ, ಉಣ್ಣೆಬಟ್ಟೆ. ಮಾತಿಗೆ ಎರಡು ಬದಿಯವರೂ ಒಂದು ಕಲಬೆರಕೆ ಭಾಷೆ ಹುಟ್ಟಿಸಿಕೊಂಡಿದ್ದರು. ಪದಗಳು ರಷ್ಯನ್, ವ್ಯಾಕರಣ ಯಾರದೂ ಅಲ್ಲ.

ಮೈಮೈಚೆಂಗ್‌ನಲ್ಲಿ ಜರ್ಗುಚಿ ಎಂಬ ಅಧಿಕಾರಿ ಇರುತ್ತಿದ್ದ. ಬೀಜಿಂಗಿನ ಲಿಫಾನ್ ಯುವಾನ್ ಎಂಬ ಇಲಾಖೆ ಅವನನ್ನು ಕಳುಹಿಸುತ್ತಿತ್ತು. ಮಂಗೋಲರ ವ್ಯವಹಾರ ನೋಡುವ ಇಲಾಖೆ ಅದು. ರಷ್ಯಾ ಬದಿಯಲ್ಲಿ ಗಡಿಯ ಕಮಾಂಡರ್. ಜರ್ಗುಚಿಯ ಮೇಲೆ, 300 ಕಿ.ಮೀ.ಗೂ ಆಚೆ, ಉರ್ಗಾದಲ್ಲಿ ಅಂಬನ್ ಎಂಬ ಹಿರಿಯ ಅಧಿಕಾರಿಗಳು. ಇಂದಿನ ಉಲಾನ್‌ಬಾತರ್ ಆಗಿನ ಉರ್ಗಾ. ಪತ್ರ ಬರೆಯುವುದಾದರೆ ಚಕ್ರವರ್ತಿ ಚಕ್ರವರ್ತಿಗೆ ಬರೆಯುವಂತಿಲ್ಲ, ರಷ್ಯಾದ ಸೆನೆಟ್ ಲಿಫಾನ್ ಯುವಾನ್‌ಗೆ ಬರೆಯಬೇಕು. ಇದು ಒಪ್ಪಂದದಲ್ಲೇ ಇತ್ತು. ತನಗೆ ಸರಿಸಮನಾದ ದೊರೆ ಇನ್ನೊಬ್ಬನಿದ್ದಾನೆಂದು ಬೀಜಿಂಗ್ ಕಾಗದದಲ್ಲಿ ಒಪ್ಪುವುದಿಲ್ಲ, ಪೀಟರ್ಸ್‌ಬರ್ಗ್ ತಗ್ಗುವುದಿಲ್ಲ. ಇಬ್ಬರ ಹಮ್ಮಿಗೂ ಪೆಟ್ಟಾಗದ ಈ ಉಪಾಯ ನನಗೆ ಆ ಒಪ್ಪಂದದ ಅತ್ಯಂತ ಜಾಣ ಸಾಲಾಗಿ ಕಾಣುತ್ತದೆ. ಪೀಟರ್ಸ್‌ಬರ್ಗಿನ ಉತ್ತರ ಬರಲು ತಿಂಗಳುಗಟ್ಟಲೆ ಬೇಕಾದ್ದರಿಂದ ದಿನನಿತ್ಯದ ತಂಟೆಗಳೆಲ್ಲ ಗಡಿಯವರ ತಲೆಗೇ ಬಂದವು.

ತಂಟೆಗಳಿಗೆ ಕೊರತೆ ಇರಲಿಲ್ಲ. ಗೆರೆಯ ಈಚೆ ಬುರ್ಯಾತರು, ಆಚೆ ಮಂಗೋಲರು. ಇಬ್ಬರೂ ದನ, ಕುದುರೆ, ಒಂಟೆ ಸಾಕುವವರು. ನಮ್ಮಲ್ಲಿ ಪಕ್ಕದೂರಿನ ದನ ಹೊಲಕ್ಕೆ ನುಗ್ಗಿದರೆ ದೊಡ್ಡಿಗೆ ಅಟ್ಟಿ, ದಂಡ ಕಟ್ಟಿದ ಮೇಲೆ ಬಿಡುತ್ತಿದ್ದರಲ್ಲ, ಅಲ್ಲಿಯದೂ ಬುಡದಲ್ಲಿ ಅಂಥದೇ ವ್ಯಾಜ್ಯ. ವ್ಯತ್ಯಾಸವೆಂದರೆ ಅಲ್ಲಿ ದನದ ಹಿಂದೆ ಸಾಮ್ರಾಜ್ಯ ಬರುತ್ತಿತ್ತು. ಒಪ್ಪಂದದ 10ನೆಯ ಕಲಮು ಇದಕ್ಕೆ ದಂಡ ನಿಗದಿ ಮಾಡಿತ್ತು. ಗಡಿ ದಾಟಿ ಜಾನುವಾರು ಕದ್ದವನನ್ನು ಅವನ ಕಡೆಯ ನ್ಯಾಯಾಧಿಕಾರಿಗೇ ಒಪ್ಪಿಸಬೇಕು. ಮೊದಲ ಸಲ ಕದ್ದದ್ದರ ಹತ್ತು ಪಟ್ಟು, ಎರಡನೆಯ ಸಲ ಇಪ್ಪತ್ತು ಪಟ್ಟು, ಮೂರನೆಯ ಸಲ ತಲೆದಂಡ.

ಕಾಗದದ ಮೇಲೆ ಸ್ಪಷ್ಟವಾಗಿತ್ತು. ಆದರೆ ಕಳ್ಳ ಯಾರೆಂದು ತೀರ್ಮಾನವಾಗಬೇಕಲ್ಲ. ಹೆಜ್ಜೆ ಹಿಡಿದು ಬಂದರೆ ಗೆರೆಯ ಬಳಿ ನಿಲ್ಲಬೇಕು, ಮುಂದೆ ಹುಡುಕುವವರು ಆಚೆಯವರು. ಕದ್ದದ್ದು ಐದೋ ಐವತ್ತೋ ಎಂಬುದಕ್ಕೆ ಕಳೆದುಕೊಂಡವನ ಮಾತೇ ಸಾಕ್ಷಿ. ಹತ್ತು ಪಟ್ಟು ಸಿಗುವುದಾದರೆ ಲೆಕ್ಕ ಹಿಗ್ಗಿಸಲು ಯಾರಿಗೆ ತಾನೇ ಮನಸ್ಸಾಗದು? ಎರಡೂ ಕಡೆ ತೀರದ ದಾವೆಗಳು ಬೆಳೆಯುತ್ತ ಹೋದವು.

ಸತ್ತವರೂ ವ್ಯಾಜ್ಯವಾದರು. ಚೀನಾದ ಚಿಂಗ್ ದೊರೆಗಳ ವಿರುದ್ಧ ದಂಗೆ ಎದ್ದ ಅಮುರ್‌ಸಾನಾ 1757ರಲ್ಲಿ ರಷ್ಯಾಕ್ಕೆ ಓಡಿಬಂದು ತೊಬೋಲ್ಸ್ಕ್‌ನಲ್ಲಿ ಸಿಡುಬಿನಿಂದ ಸತ್ತ. ಅವನು ಸತ್ತದ್ದನ್ನು ಬೀಜಿಂಗ್ ನಂಬಲಿಲ್ಲ. ರಷ್ಯನ್ನರು ಶವವನ್ನು ಸೈಬೀರಿಯಾ ಉದ್ದಕ್ಕೂ ಹೊತ್ತು ಗಡಿಗೆ ತಂದರು. 1758ರಲ್ಲಿ ಚಿಂಗ್ ಅಧಿಕಾರಿಗಳು ಬಂದು ಹೆಣವನ್ನು ಪರೀಕ್ಷಿಸಿದರು. ಅವನೇ ಎಂದು ಗೊತ್ತಾದ ಮೇಲೂ ಒಪ್ಪಿಸಿರೆಂಬ ಹಟ ನಿಲ್ಲಲಿಲ್ಲ. ರಷ್ಯನ್ನರು ಕೊಡಲೂ ಇಲ್ಲ.

ಬೀಜಿಂಗಿನ ಕೈಯಲ್ಲಿ ಒಂದು ಬಲವಾದ ಅಸ್ತ್ರವಿತ್ತು. ಪೇಟೆಯ ಬಾಗಿಲು ಹಾಕುವುದು. 1762ರಿಂದ 1768, 1778ರಿಂದ 1780, 1785ರಿಂದ 1792. ಮೂರು ಸಲವೂ ವರ್ಷಗಟ್ಟಲೆ ವ್ಯಾಪಾರ ನಿಂತಿತು. ಮೊದಲ ಸಲದ ಮುನಿಸಿನಲ್ಲಿ ಸುಂಕದ ದೂರು, ಗಡಿಯಲ್ಲಿ ರಷ್ಯನ್ನರು ನೆಟ್ಟ ಬೇಲಿಯ ದೂರು ಎಲ್ಲ ಸೇರಿದ್ದವು. 1768ರಲ್ಲಿ ರಷ್ಯಾದ ಪರವಾಗಿ ಇವಾನ್ ಕ್ರೊಪೊತೊವ್ ಬಂದು ಮಾತಾಡಿದ ಮೇಲೆ 10ನೆಯ ಕಲಮನ್ನೇ ಹೊಸದಾಗಿ ಬರೆದರು.

ಮೂರನೆಯ ಸಲದ್ದು ಸ್ವಲ್ಪ ವಿವರವಾಗಿ ಹೇಳಬೇಕಾದ ಪ್ರಕರಣ. ಉಲಾಲ್ಜೈ ಎಂಬ ಬುರ್ಯಾತ ತನ್ನ ಜೊತೆಗಾರರೊಂದಿಗೆ ಚೀನೀ ವ್ಯಾಪಾರಿಯೊಬ್ಬನ ಸರಕು ದೋಚಿದ. ಸಿಕ್ಕಿಬಿದ್ದ. ರಷ್ಯನ್ನರು ಚಾಟಿಯಲ್ಲಿ ಹೊಡೆಸಿ ದೂರಕ್ಕೆ ಗಡೀಪಾರು ಮಾಡಿದರು. ಅವರ ಪ್ರಕಾರ ಪ್ರಕರಣ ಮುಗಿಯಿತು. ಚಿಂಗ್ ಅಧಿಕಾರಿಗಳಿಗೆ ಅದು ಶಿಕ್ಷೆಯೇ ಅಲ್ಲ. ಇಂಥವನನ್ನು ಗಡಿಯಲ್ಲೇ, ನಮ್ಮವರ ಕಣ್ಣೆದುರೇ ಶಿಕ್ಷಿಸಬೇಕಿತ್ತು, ಕೊಲ್ಲಬೇಕಿತ್ತು ಎಂಬ ಪಟ್ಟು. ರಷ್ಯಾದಲ್ಲಿ ಎಲಿಜವೆತಾ ರಾಣಿಯ ಕಾಲದಿಂದ ಸಾಮಾನ್ಯ ಅಪರಾಧಗಳಿಗೆ ಮರಣದಂಡನೆ ಜಾರಿಯಲ್ಲಿರಲಿಲ್ಲ. ಒಬ್ಬ ಕಳ್ಳನ ಶಿಕ್ಷೆ ಸಾಲದೆಂದು ಎರಡು ದೇಶದ ವ್ಯಾಪಾರ ಏಳು ವರ್ಷ ಸ್ತಬ್ಧವಾಯಿತು. ಆ ಲೂಟಿಯಲ್ಲಿ ಪಾಲಿಲ್ಲದ ವ್ಯಾಪಾರಿಗಳೂ ಗಾಡಿ ಹೊಡೆಯುವವರೂ ಅದರ ದಂಡ ತೆತ್ತರು. ಇದನ್ನು ನ್ಯಾಯ ಎನ್ನಲು ನನಗೆ ಮನಸ್ಸಿಲ್ಲ. ಆದರೂ ಗಮನಿಸಿ, ಇಷ್ಟೆಲ್ಲ ಆದರೂ ಒಬ್ಬರ ಮೇಲೊಬ್ಬರು ದಂಡೆತ್ತಿ ಹೋಗಲಿಲ್ಲ.

1792ರ ಫೆಬ್ರುವರಿಯಲ್ಲಿ ಇರ್ಕುತ್ಸ್ಕ್‌ನ ಗವರ್ನರ್ ನಾಗೆಲ್ ಹೊಸ ಒಡಂಬಡಿಕೆಗೆ ಸಹಿ ಹಾಕಿ ಬಾಗಿಲು ತೆರೆಸಿದ. ಅದರ ಧಾಟಿ ತುಂಟ ಹುಡುಗನಿಗೆ ಹಿರಿಯರು ಬುದ್ಧಿ ಹೇಳಿದಂತಿದೆ. ರಷ್ಯನ್ನರು ನುಂಗಿಕೊಂಡರು. ವ್ಯಾಪಾರ ಬೇಕಿತ್ತು. ಸಾಲ ಬಾಕಿ ಉಳಿಸಿಕೊಳ್ಳದೆ ತೀರಿಸಿಕೊಳ್ಳಿ ಎಂಬ ಸಾಲೂ ಅದರಲ್ಲಿದೆ. ಗಡಿಯ ಅರ್ಧ ಜಗಳ ಬಾಕಿಯದೇ ಎಂದು ಬರೆದವರಿಗೆ ತಿಳಿದಿತ್ತು.

ಅಲ್ಲಿಂದ ಮುಂದಿನದು ಕ್ಯಾಖ್ತಾದ ಸಿರಿಯ ಕಾಲ. ರಷ್ಯಾದ ಮನೆಮನೆಯ ಸಮೋವಾರಿಗೆ ಚಹಾ ಇಲ್ಲಿಂದಲೇ ಹೋಗಬೇಕಿತ್ತು. ಚಹಾ ವ್ಯಾಪಾರಿಗಳು ಲಕ್ಷಾಧೀಶರಾದರು. 1830ರ ದಶಕದಲ್ಲಿ ಗಡಿಯ ಪಕ್ಕದಲ್ಲೇ ಪುನರುತ್ಥಾನದ ಚರ್ಚು ಕಟ್ಟಿಸಿ ಒಳಗೆ ಸ್ಫಟಿಕದ ಕಂಬಗಳನ್ನು ನಿಲ್ಲಿಸಿದರು.

ಹಲವು ಪಟ್ಟಿನ ದಂಡದ ಕಥೆ ಮುಗಿದದ್ದು 1860ರ ಬೀಜಿಂಗ್ ಒಪ್ಪಂದದಲ್ಲಿ. ಈ ಹೊತ್ತಿಗೆ ಚೀನಾ ಸೋತು ಬಡವಾಗಿತ್ತು, ಷರತ್ತು ಹಾಕುವವರು ರಷ್ಯನ್ನರು. ಉಸ್ಸುರಿ ಪ್ರಾಂತವನ್ನು ಚೀನಾದಿಂದ ಕಿತ್ತುಕೊಂಡ ಆ ಒಪ್ಪಂದವನ್ನು ಸಮಾನರ ಒಡಂಬಡಿಕೆ ಎಂದು ಹೊಗಳಲಾಗದು. ಆದರೂ ಅದರ ಗಡಿ ವ್ಯಾಜ್ಯದ ಕಲಮುಗಳಲ್ಲಿ ವಿವೇಕವಿದೆ. ಕ್ಯಾಖ್ತಾದ ಗಡಿ ಕಮಿಷನರ್ ಮತ್ತು ಜರ್ಗುಚಿ ನೇರವಾಗಿ ಪತ್ರ ಬರೆದುಕೊಳ್ಳಬಹುದು. ಜಾನುವಾರು ದಾಟಿಹೋದರೆ ಸುದ್ದಿ ಮುಟ್ಟಿದ ಕೂಡಲೇ ಹೆಜ್ಜೆ ಹಿಡಿದು ಹುಡುಕಿಸಬೇಕು, ಸಿಕ್ಕಷ್ಟನ್ನು ಮರಳಿಸಬೇಕು. ಕಳೆದುಹೋದ ದನದ ಬೆಲೆಯ ಹಲವು ಪಟ್ಟು ಪರಿಹಾರ ಕೇಳುವಂತಿಲ್ಲ. ಲೆಕ್ಕ ಹಿಗ್ಗಿಸುವ ಆಸೆಗೆ ಕೊನೆಗೂ ಕಡಿವಾಣ ಬಿತ್ತು. ಮರುವರ್ಷ ಉರ್ಗಾದಲ್ಲಿ ರಷ್ಯಾದ ಕಾನ್ಸಲ್ ಕಚೇರಿ ತೆರೆದ ಮೇಲೆ ದೊಡ್ಡ ದೂರುಗಳು ಅತ್ತ ಹೋದವು.

ಇತ್ತ ಪೇಟೆಯೂ ಸೊರಗತೊಡಗಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಚಹಾ ಹಡಗು ಹತ್ತಿತು, ಆಮೇಲೆ ಸೈಬೀರಿಯಾದ ರೈಲು ಬಂತು. 1915ರಲ್ಲಿ ರಷ್ಯಾ, ಚೀನಾ, ಮಂಗೋಲಿಯಾ ಮೂವರೂ ಮಂಗೋಲಿಯಾದ ಸ್ವಾಯತ್ತತೆ ಕುರಿತು ಸಹಿ ಹಾಕಿದ್ದು ಇದೇ ಊರಿನಲ್ಲಿ. 1921ರ ಮಾರ್ಚ್‌ನಲ್ಲಿ ಮಂಗೋಲಿಯಾದ ಕ್ರಾಂತಿಕಾರಿ ಸುಖ್‌ಬಾತರನ ಪಡೆ ಮೈಮೈಚೆಂಗ್ ಹಿಡಿದಾಗ ಆ ಮರದ ಊರು ಸುಟ್ಟುಹೋಯಿತು. ಈಗ ಅಲ್ಲಿರುವುದು ಮಂಗೋಲಿಯಾದ ಅಲ್ತಾನ್‌ಬುಲಗ್. ಉಲಾನ್‌ಬಾತರ್‌ಗೆ ಹೋಗುವ ರೈಲು ಕ್ಯಾಖ್ತಾವನ್ನು ಬಿಟ್ಟು ಪಶ್ಚಿಮದ ನೌಷ್ಕಿಯಲ್ಲಿ ಗಡಿ ದಾಟುತ್ತದೆ.

ಹೋಗುವವರು ಉಲಾನ್ ಉದೆಯಿಂದ ರಸ್ತೆ ಹಿಡಿಯಬೇಕು. ವೀಸಾದ ಜೊತೆಗೆ ಗಡಿ ವಲಯದ ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳಿ. 1890ರಲ್ಲಿ ಆರಂಭವಾದ, ಭೂವಿಜ್ಞಾನಿ ಒಬ್ರುಚೆವ್ ಹೆಸರಿನ ವಸ್ತುಸಂಗ್ರಹಾಲಯಕ್ಕೆ ಅರ್ಧ ದಿನವಾದರೂ ಎತ್ತಿಡಿ.