ಕರೂರಿನ ಬಿಸಿಲಿಗೆ ತಣ್ಣನೆ ಚಾ: ಸಿಹಿ ಎಷ್ಟು, ಯಾವಾಗ?

ಏಪ್ರಿಲ್ ಬಂತೆಂದರೆ ಬಳ್ಳಾರಿ ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿ ದಾಟೋದು ಸುದ್ದಿಯೇ ಅಲ್ಲ. ಸಿರುಗುಪ್ಪ ತಾಲೂಕಿನ ನಮ್ಮ ಕರೂರಲ್ಲಿ ಆಗ ಮಧ್ಯಾಹ್ನ ಎರಡಕ್ಕೆ ನಾಯಿ ಸಹ ಬೀದಿಗೆ ಇಳಿಯಲ್ಲ. ಆದ್ರೆ ಚಾ ಮಾತ್ರ ನಿಲ್ಲಲ್ಲ. ಒಗ್ಗಾಣಿ, ಮಿರ್ಚಿ ತಿಂದ ಮೇಲೆ ಕುದಿಯೋ ಚಾ ಬೇಕೇ ಬೇಕು ಅನ್ನೋ ಸೀಮೆ ಇದು. ಲ್ಯಾಪ್‌ಟಾಪ್ ಹಿಡಿದು ಬೇಸಿಗೆಗೆ ಊರಿಗೆ ಬಂದಾಗ ನಾನು ಐಸ್ ಟೀ ಮಾಡಿಟ್ಟರೆ ಅಮ್ಮ ಲೋಟ ಮುಟ್ಟಿ ನೋಡಿ, "ಚಾ ಆರಿ ಹೋಗೈತಲ್ಲೋ, ಕಾಸಿ ಕೊಡ್ಲೇನು?" ಅಂತಾಳೆ.

ಅಮ್ಮನ್ನ ಒಪ್ಪಿಸೋದು ಸುಲಭ. ಕಷ್ಟ ಇರೋದು ಅಪ್ಪನ ವಿಷಯದಲ್ಲಿ. ಅಪ್ಪನಿಗೆ ಸಕ್ಕರೆ ಕಾಯಿಲೆ. ಬಿಸಿ ಚಾ ಸಕ್ಕರೆ ಇಲ್ಲದೆ ಕುಡಿಯೋಕೆ ಕಲಿತಿದ್ದಾರೆ, ಆದ್ರೆ ಸೆಕೆಗೆ ಅಂಗಡಿಯ ಬಣ್ಣದ ಬಾಟಲಿಗೆ ಕೈ ಹೋಗುತ್ತೆ. ಹಾಗಾಗಿ ನಮ್ಮ ಮನೇಲಿ ಐಸ್ ಟೀ ಅಂದ್ರೆ ಶೋಕಿ ಅಲ್ಲ, ಆ ಬಾಟಲಿಗೆ ಬದಲು.

ಇದು ಬೆಂಗಳೂರಿನ ಕೆಫೆಯವರು ಕಂಡುಹಿಡಿದದ್ದೂ ಅಲ್ಲ. ಅಮೆರಿಕದಲ್ಲಿ 1879ರಲ್ಲಿ ಬಂದ 'ಹೌಸ್‌ಕೀಪಿಂಗ್ ಇನ್ ಓಲ್ಡ್ ವರ್ಜೀನಿಯಾ' ಅನ್ನೋ ಅಡುಗೆ ಪುಸ್ತಕದಲ್ಲೇ ಮಾಡುವ ವಿಧಾನ ಇದೆ. 1904ರ ಸೇಂಟ್ ಲೂಯಿಸ್ ಮೇಳದಲ್ಲಿ ಭಾರತದ ಚಹಾ ಪ್ರಚಾರಕ್ಕೆ ಹೋಗಿದ್ದ ರಿಚರ್ಡ್ ಬ್ಲೆಚಿಂಡನ್, ಸೆಕೆಯಲ್ಲಿ ಬಿಸಿ ಚಹಾ ಯಾರೂ ಮುಟ್ಟದಿದ್ದಾಗ ಐಸ್ ಹಾಕಿ ಕೊಟ್ಟನಂತೆ. ಜನಪ್ರಿಯ ಮಾಡಿದ ಹೆಸರು ಅವನಿಗೆ ಬಂತು.

ಮಾಡೋ ಕ್ರಮಕ್ಕೆ ಬರೋಣ. ಬಹಳ ಜನ ಬಿಸಿ ಚಾ ಮೇಲೆ ನೇರ ಐಸ್ ಸುರೀತಾರೆ. ಲೆಕ್ಕ ಹಾಕಿ ನೋಡಿ: ಒಂದು ಗ್ರಾಂ ಐಸ್ ಕರಗಿ 5 ಡಿಗ್ರಿಗೆ ಬರುವಷ್ಟರಲ್ಲಿ ಸುಮಾರು 85 ಕ್ಯಾಲೊರಿ ಶಾಖ ಎಳೆಯುತ್ತೆ. 90 ಡಿಗ್ರಿಯ 200 ಗ್ರಾಂ ಚಾ 5 ಡಿಗ್ರಿಗೆ ಇಳಿಯಬೇಕಾದ್ರೆ 17,000 ಕ್ಯಾಲೊರಿ ಬಿಡಬೇಕು. ಅಂದ್ರೆ 200 ಗ್ರಾಂ ಐಸ್ ಪೂರ್ತಿ ಕರಗಬೇಕು. ತೂಕಕ್ಕೆ ತೂಕ ನೀರು ಸೇರಿ ಚಾ ಅರ್ಧಕ್ಕರ್ಧ ತೆಳ್ಳಗಾಯ್ತು. ಅದಕ್ಕೇ ಮೊದಲು ಡಬಲ್ ಗಟ್ಟಿ ಕಷಾಯ ತೆಗೀಬೇಕು. ಅರ್ಧ ಲೀಟರ್ ನೀರು ಕುದಿಸಿ, ಒಲೆ ಆರಿಸಿ, ಐದು ಚಮಚ ಎಲೆ ಚಹಾ ಹಾಕಿ ಮುಚ್ಚಿಡಿ. ನಾಲ್ಕೈದು ನಿಮಿಷಕ್ಕೆ ಸೋಸಿ, ಇನ್ನರ್ಧ ಲೀಟರ್ ತಣ್ಣೀರು ಸೇರಿಸಿ ಫ್ರಿಜ್ಜಿಗೆ ಇಡಿ. ಹಾಲಿನ ಚಾದ ಹಾಗೆ ಒಲೆ ಮೇಲೆ ಕುದಿಸ್ತಾ ನಿಲ್ಲಬೇಡಿ, ಒಗರು ಬಿಡುತ್ತೆ. ಇಲ್ಲಿ ಅದನ್ನು ಮುಚ್ಚೋಕೆ ಹಾಲಿಲ್ಲ. ಅದೇ ಕಾರಣಕ್ಕೆ ಡಸ್ಟ್ ಪುಡಿಗಿಂತ ಎಲೆ ವಾಸಿ. ನೀಲಗಿರಿ ಎಲೆ ನನಗಿಷ್ಟ, ತಣ್ಣಗಾದ ಮೇಲೂ ಅಷ್ಟಾಗಿ ಮಬ್ಬಾಗಲ್ಲ.

ಮಬ್ಬು ಯಾಕೆ ಬರುತ್ತೆ ಅಂತೀರಾ? ಚಹಾದ ಕೆಫೀನು, ಬಣ್ಣ ಕೊಡುವ ಪಾಲಿಫಿನಾಲ್‌ಗಳು ತಣ್ಣಗಾದಾಗ ಒಂದಕ್ಕೊಂದು ಅಂಟಿಕೊಳ್ತವೆ. ಕೆಟ್ಟಿಲ್ಲ, ಸ್ವಲ್ಪ ಬಿಸಿನೀರು ಹಾಕಿದ್ರೆ ತಿಳಿಯಾಗುತ್ತೆ. ಮೇಲೆ ಎಣ್ಣೆ ಪದರದ ಹಾಗೆ ತೇಲೋದು ಬೇರೆ, ಅದು ನೀರಿನ ಗಡಸುತನದ ಕೆಲಸ. ಬೋರ್‌ವೆಲ್ ನೀರಲ್ಲಿ ಮಾಡಿದ ಚಾಕ್ಕೆ ಆ ಪದರ ಗ್ಯಾರಂಟಿ. ಶುದ್ಧ ನೀರಿನ ಘಟಕದ ಕ್ಯಾನ್ ನೀರು ಬಳಸಿ, ಇಲ್ಲಾ ನಿಂಬೆ ಹಿಂಡಿ. ನಿಂಬೆ ಬಿದ್ದ ತಕ್ಷಣ ಚಾ ಬಣ್ಣ ತಿಳಿಯಾಗೋದನ್ನು ನೋಡೋದೇ ಚೆಂದ.

ಈಗ ಸಿಹಿ. ತಣ್ಣೀರಲ್ಲಿ ಸಕ್ಕರೆ ಕರಗಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. 0 ಡಿಗ್ರಿಯಲ್ಲೂ 100 ಗ್ರಾಂ ನೀರು ಸುಮಾರು 180 ಗ್ರಾಂ ಸಕ್ಕರೆ ಹಿಡಿಯುತ್ತೆ. ತೊಂದರೆ ನಿಧಾನದ್ದು. ಕರಗುವ ಹೊತ್ತಿಗೆ ನಿಮ್ಮ ಲೋಟ ಖಾಲಿ, ಸಕ್ಕರೆ ತಳದಲ್ಲಿ; ರುಚಿ ಬರಲಿಲ್ಲ ಅಂತ ಇನ್ನೊಂದು ಚಮಚ ಹಾಕಿರ್ತೀರಿ. ಸಾಲದ್ದಕ್ಕೆ, ತಣ್ಣಗಿದ್ದಷ್ಟೂ ನಾಲಗೆಗೆ ಸಿಹಿ ಕಡಿಮೆ ಗೊತ್ತಾಗುತ್ತೆ. ಕರಗಿದ ಐಸ್‌ಕ್ರೀಮ್ ಕುಡಿದು ನೋಡಿ, ಮುಖ ತಿರುಗಿಸುವಷ್ಟು ಸಿಹಿ. ಬಾಟಲಿಯೊಳಗೆ ಎಷ್ಟು ಸಕ್ಕರೆ ಅಡಗಿದ್ರೂ ತಿಳಿಯದಿರೋದಕ್ಕೆ ಇದೂ ಒಂದು ಕಾರಣ.

ನನ್ನ ದಾರಿ ಪಾಕ. ಒಂದು ಲೋಟ ನೀರಿಗೆ ಅಷ್ಟೇ ತೂಕದ ಸಕ್ಕರೆ, ಕರಗುವಷ್ಟು ಬಿಸಿ, ಎಳೆ ಪಾಕ ಬೇಡ. ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ವಾರ ಬರುತ್ತೆ. ದೊಡ್ಡ ಚಮಚ ಒಂದಕ್ಕೆ ಸುಮಾರು 9 ಗ್ರಾಂ ಸಕ್ಕರೆ. ಯಾರಿಗೆ ಎಷ್ಟು ಬೇಕೋ ಅವರವರ ಲೋಟಕ್ಕೆ ಅಳೆದು ಹಾಕಬಹುದು, ಜಗ್ಗಿಗೆಲ್ಲಾ ಒಂದೇ ಸಿಹಿ ಸುರಿಯೋ ಗೋಳಿಲ್ಲ. ದಿನಕ್ಕೆ ಹೊರಗಿನಿಂದ ಸೇರಿಸಿದ ಸಕ್ಕರೆ 25 ಗ್ರಾಂ ಆಸುಪಾಸಲ್ಲಿ ಇದ್ದರೆ ಒಳ್ಳೇದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ. ಲೇಬಲ್ ಮೇಲೆ 100 ಮಿಲಿಗೆ 8 ಗ್ರಾಂ ಅಂತಿದ್ದು ಬಾಟಲಿ 400 ಮಿಲಿ ಇದ್ರೆ ಒಂದೇ ಗುಕ್ಕಿಗೆ 32 ಗ್ರಾಂ ಆಯ್ತು. ಐಸ್ ಟೀ ಪುಡಿ ಪ್ಯಾಕೆಟ್ ತಗೊಂಡರೆ ಪದಾರ್ಥಗಳ ಪಟ್ಟಿ ಓದಿ. ತೂಕ ಹೆಚ್ಚಿರೋದು ಮೊದಲು ಬರುತ್ತೆ. ಮೊದಲ ಹೆಸರು ಸಕ್ಕರೆ ಆಗಿದ್ರೆ ನೀವು ಕೊಂಡದ್ದು ಚಹಾ ವಾಸನೆಯ ಸಕ್ಕರೆ.

"ಬೆಲ್ಲ ಹಾಕು, ಏನಾಗಲ್ಲ" ಅಂತ ಅಪ್ಪ ವಾದ ಮಾಡ್ತಾರೆ. ರುಚಿಗೆ ಬೆಲ್ಲ ನಿಜಕ್ಕೂ ಚೆನ್ನ. ರಾಮನವಮಿ ಪಾನಕದ ನೆನಪಿರೋರಿಗೆ ಬೆಲ್ಲ, ನಿಂಬೆ, ಏಲಕ್ಕಿ, ಶುಂಠಿ ಸೇರಿದ ಚಾ ಹೊಸದೂ ಅನ್ನಿಸಲ್ಲ. ಬೆಲ್ಲ ಬಿಸಿನೀರಲ್ಲಿ ಕರಗಿಸಿ ಸೋಸಿ ಹಾಕಿ, ಕಸ ಇರುತ್ತೆ. ಆದ್ರೆ ಸಕ್ಕರೆ ಕಾಯಿಲೆ ಇರೋರಿಗೆ ಬೆಲ್ಲ, ಜೇನು ಯಾವುದೂ ವಿನಾಯಿತಿ ಅಲ್ಲ, ರಕ್ತದಲ್ಲಿ ಗ್ಲೂಕೋಸ್ ಏರಿಸೇ ಏರಿಸ್ತವೆ. ಅಪ್ಪನ ಲೋಟಕ್ಕೆ ನಾನು ಹಾಕೋದು ಜಜ್ಜಿದ ಪುದೀನ, ಎರಡು ಏಲಕ್ಕಿ, ಚಿಟಿಕೆ ಉಪ್ಪು. ಉಪ್ಪು ಒಗರನ್ನು ತಗ್ಗಿಸುತ್ತೆ. ಮೊದಲ ವಾರ ಮುಖ ಕಿವಿಚಿದ್ರು. ಈಗ ಬಾಟಲಿ ಕಡಿಮೆ ಆಗಿದೆ, ಪೂರ್ತಿ ನಿಂತಿಲ್ಲ.

ಬಿಸಿಲಿಗೆ ಸಂಬಂಧಿಸಿದ್ದು ಇನ್ನೊಂದಿದೆ. ನೀರು, ಎಲೆ ಹಾಕಿದ ಗಾಜಿನ ಜಾರನ್ನು ಮಾಳಿಗೆ ಮೇಲಿಟ್ಟು ಬಿಸಿಲಲ್ಲೇ ಚಾ ಇಳಿಸೋ ವಿಡಿಯೊ ನೀವೂ ನೋಡಿರ್ತೀರಿ. ನಮ್ಮೂರ ಬಿಸಿಲಿಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತೆ, ಮಾಡಬೇಡಿ. ಆ ಉಗುರುಬೆಚ್ಚಗಿನ ಶಾಖ ಬ್ಯಾಕ್ಟೀರಿಯಾ ಸಾಯಲು ಸಾಲದು, ಬೆಳೆಯೋಕೆ ಸಾಕು. ಕುದಿಸದೇ ಮಾಡಬೇಕು ಅಂದ್ರೆ ಶುದ್ಧ ತಣ್ಣೀರಲ್ಲಿ ಎಲೆ ನೆನೆಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ, ಒಗರಿಲ್ಲದ ಚಾ ಸಿಗುತ್ತೆ. ಐಸ್ ಕೂಡ ಮನೆಯದ್ದೇ ಇರಲಿ. ತಿನ್ನಲು ಯೋಗ್ಯವಲ್ಲದ ಐಸ್‌ಗೆ ನೀಲಿ ಬಣ್ಣ ಹಾಕಬೇಕು ಅಂತ 2018ರಿಂದ ನಿಯಮ ಇದೆ. ನೀಲಿ ಕಂಡರೆ ದೂರ ಇರಿ.

ಊಟದ ಜೊತೆಗೆ ಮಾತ್ರ ಬೇಡ. ಸೊಪ್ಪು, ಬೇಳೆಯಲ್ಲಿರೋ ಕಬ್ಬಿಣಾಂಶವನ್ನು ಮೈ ಹೀರಿಕೊಳ್ಳದ ಹಾಗೆ ಚಹಾ ತಡೆಯುತ್ತೆ. ಅಮ್ಮನಿಗೆ ರಕ್ತ ಕಡಿಮೆ, ಅವಳಿಗೆ ಊಟ ಆಗಿ ಗಂಟೆ ಕಳೆದ ಮೇಲೇ ಕೊಡೋದು.

ಕರೆಂಟ್ ಹೋದಾಗ ಮುಚ್ಚಳ ಬಿಗಿದ ಸ್ಟೀಲ್ ಬಾಟಲಿಗೆ ಚಾ ತುಂಬಿ ಮಣ್ಣಿನ ಕೊಡದ ನೀರಲ್ಲಿ ಮುಳುಗಿಸಿಡಿ. ನಮ್ಮ ಕಡೆಯ ಒಣ ಗಾಳಿಗೆ ಕೊಡ ಚೆನ್ನಾಗಿ ಕೆಲಸ ಮಾಡುತ್ತೆ. ಆದ್ರೆ ಅವತ್ತೇ ಕುಡಿದು ಮುಗಿಸಿ. ಕರೆಂಟ್ ಇದ್ದಾಗ ಉಳಿದ ಚಾವನ್ನು ಐಸ್ ಟ್ರೇಗೆ ಸುರಿದಿಡಿ, ಮಾರನೇ ದಿನ ನೀರಿನ ಐಸ್ ಬದಲು ಅದನ್ನೇ ಲೋಟಕ್ಕೆ ಹಾಕಿದ್ರೆ ಎಷ್ಟು ಕರಗಿದರೂ ಚಾ ತೆಳ್ಳಗಾಗಲ್ಲ.