ವಾಹನವೊಂದು, ದಾರಿ ಎರಡು

ಗದ್ದೆಯ ಕೆಸರಿಗೆ ಇಳಿಯುವ ರೈತನು ಮೆಟ್ಟನ್ನು ಬದುವಿನ ಮೇಲೆ ಬಿಟ್ಟು ಇಳಿಯುತ್ತಾನೆ. ಪೇಟೆಗೆ ಹೊರಟಾಗ ಮತ್ತೆ ಮೆಟ್ಟಿಕೊಳ್ಳುತ್ತಾನೆ. ಮೋಟಾರು ವಾಹನಕ್ಕೆ ಈ ಸೌಕರ್ಯವಿಲ್ಲ. ತೋಟದ ಕೊರಕಲು ದಾರಿಯನ್ನು ಹತ್ತಿದ ಚಕ್ರ, ಸ್ಪ್ರಿಂಗು, ಚೌಕಟ್ಟುಗಳನ್ನೇ ಹೊತ್ತು ಅದು ಹೆದ್ದಾರಿಯಲ್ಲಿಯೂ ಓಡಬೇಕು. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಎಷ್ಟೋ ಮನೆಗಳ ಸ್ಥಿತಿ ಇದೇ: ಅಂಗಳದಿಂದ ಎರಡು ಮೂರು ಕಿಲೋಮೀಟರು ಮಣ್ಣಿನ ದಾರಿ, ಆಮೇಲೆ ಮೂವತ್ತು ನಲವತ್ತು ಕಿಲೋಮೀಟರು ಡಾಂಬರು. ಒಂದೇ ಒಂದು ವಾಹನವನ್ನು ಕೊಳ್ಳಬಲ್ಲ ಸಂಸಾರವು ಯಾವುದನ್ನು ಆರಿಸಬೇಕು? ಮಾರುವವರು ಇದಕ್ಕೆ ಅಶ್ವಶಕ್ತಿಯ ಲೆಕ್ಕವನ್ನು ಒಪ್ಪಿಸುತ್ತಾರೆ. ನಾವು ಬಲವಿಜ್ಞಾನದ ಲೆಕ್ಕವನ್ನು ಮಾಡಿ ನೋಡೋಣ. ಕಾಲೇಜಿನ ಮೊದಲ ವರ್ಷದ ಪಾಠಗಳು ಇದಕ್ಕೆ ಧಾರಾಳವಾಗಿ ಸಾಕು.

ಇಂಥ ವಾಹನಗಳ ಮೂಲಪುರುಷನೆಂದರೆ 1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ವಿಲ್ಲಿಸ್ ಜೀಪು. ಯುದ್ಧಭೂಮಿಗೆ ಹುಟ್ಟಿದ ಈ ಯಂತ್ರದಿಂದ ಸುಖಪ್ರಯಾಣವನ್ನು ಯಾರೂ ಬಯಸಿರಲಿಲ್ಲ. 1948ರಲ್ಲಿ ಇಂಗ್ಲೆಂಡಿನ ಲ್ಯಾಂಡ್ ರೋವರು ಬೇಸಾಯಗಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದಿತು. ನಮ್ಮಲ್ಲಿ ಮಹೀಂದ್ರಾ ಜೀಪುಗಳು ತೋಟಗಳನ್ನು ಹೊಕ್ಕವು. 1985ರಲ್ಲಿ ಮಾರುತಿ ಜಿಪ್ಸಿ ಬಂದಿತು. ವಾರಕ್ಕೊಮ್ಮೆ ಸಂತೆಗೆ ಹೋಗಿಬರುವ ಕಾಲದಲ್ಲಿ ಇವುಗಳ ಕುಲುಕಾಟವನ್ನು ಜನ ಸಹಿಸಿಕೊಂಡರು. ಈಗ ಅದೇ ವಾಹನ ಮಕ್ಕಳನ್ನು ಶಾಲೆಗೂ ಹಿರಿಯರನ್ನು ಆಸ್ಪತ್ರೆಗೂ ದಿನವೂ ಒಯ್ಯಬೇಕಾಗಿದೆ. ತೊಡಕು ಇಲ್ಲಿಂದಲೇ ಮೊದಲಾಗುತ್ತದೆ.

ವಾಹನವು ಕೆಸರಿನಲ್ಲಿ ಹೂತು ನಿಲ್ಲುವುದೇಕೆ? ಎಂಜಿನ್ನಿಗೆ ಶಕ್ತಿ ಸಾಲದೆ ಅಲ್ಲ. ಚಕ್ರವು ಗಿರಗಿರನೆ ತಿರುಗುತ್ತಲೇ ಇರುತ್ತದೆಯಷ್ಟೆ. ಕಾರಣವನ್ನು ಅರಿಯಲು ಎತ್ತಿನ ಗಾಡಿಯನ್ನು ನೆನೆಯಬೇಕು. ಗಾಡಿ ತಿರುವಿನಲ್ಲಿ ಹೊರಳುವಾಗ ಹೊರಬದಿಯ ಗಾಲಿ ಹೆಚ್ಚು ದೂರವನ್ನೂ ಒಳಬದಿಯದು ಕಡಿಮೆ ದೂರವನ್ನೂ ಕ್ರಮಿಸುತ್ತದೆ. ಎರಡೂ ಗಾಲಿಗಳು ಅಚ್ಚಿನ ಮೇಲೆ ತಮ್ಮಷ್ಟಕ್ಕೆ ತಿರುಗುವುದರಿಂದ ತೊಂದರೆಯಿಲ್ಲ. ಆದರೆ ಮೋಟಾರಿನಲ್ಲಿ ಚಕ್ರಗಳನ್ನು ಎಂಜಿನ್ನೇ ತಿರುಗಿಸಬೇಕು. ಜೊತೆಗೆ ಅವು ಬೇರೆ ಬೇರೆ ವೇಗದಲ್ಲಿಯೂ ತಿರುಗಬೇಕು. ಈ ಎರಡು ಕೆಲಸಗಳನ್ನೂ ಕೂಡಿಸುವ ಹಲ್ಲುಚಕ್ರಗಳ ಗುಂಪಿಗೆ ಡಿಫರೆನ್ಷಿಯಲ್ ಎಂದು ಹೆಸರು. ಇದು ಎರಡು ಚಕ್ರಗಳಿಗೂ ಸಮನಾದ ತಿರುಚುಬಲವನ್ನು ಹಂಚುತ್ತದೆ. ಡಾಂಬರಿನ ಮೇಲೆ ಇದು ಗುಣ. ಕೆಸರಿನಲ್ಲಿ ಇದೇ ದೋಷ. ಎಡಚಕ್ರವು ಹುದುಲಿನಲ್ಲಿದ್ದು ಅದಕ್ಕೆ ಘರ್ಷಣೆಯೇ ಇಲ್ಲವೆನ್ನಿ. ಅದನ್ನು ತಿರುಗಿಸಲು ಅತ್ಯಲ್ಪ ಬಲ ಸಾಕು. ಬಲಚಕ್ರವು ಗಟ್ಟಿ ನೆಲದ ಮೇಲಿದ್ದರೂ ಅದಕ್ಕೆ ಸಿಗುವುದು ಅಷ್ಟೇ ಅಲ್ಪ ಬಲ. ಹೀಗೆ ನೂರು ಅಶ್ವಶಕ್ತಿಯ ಎಂಜಿನ್ನು ಒಂದು ಅಂಗೈಯಗಲದ ಕೆಸರಿನ ಮುಂದೆ ಸೋಲುತ್ತದೆ. ಇದಕ್ಕೆ ಪರಿಹಾರ ಎರಡು ಬಗೆ: ಬೇಕಾದಾಗ ಎರಡು ಚಕ್ರಗಳನ್ನೂ ಒಂದಾಗಿ ಬಂಧಿಸುವುದು, ಇಲ್ಲವೆ ಜಾರುವ ಚಕ್ರಕ್ಕೆ ಮಾತ್ರ ತಾನಾಗಿ ಬ್ರೇಕು ಹಾಕಿ ಇನ್ನೊಂದಕ್ಕೆ ಬಲವು ಒದಗುವಂತೆ ಮಾಡುವುದು. ಕೊಳ್ಳುವವರು ಮೊದಲು ವಿಚಾರಿಸಬೇಕಾದದ್ದು ಇದನ್ನು, ಅಶ್ವಶಕ್ತಿಯನ್ನಲ್ಲ.

ನಾಲ್ಕು ಚಕ್ರಗಳಿಗೂ ಬಲವನ್ನು ಕೊಟ್ಟರೆ ಹಿಡಿತ ಹೆಚ್ಚುವುದು ನಿಜ. ಆದರೆ ಜೀಪು, ಜಿಪ್ಸಿ, ಜಿಮ್ನಿಗಳಂಥ ವಾಹನಗಳಲ್ಲಿ ನಾಲ್ಕು ಚಕ್ರದ ಗೇರನ್ನು ಹಾಕಿದೊಡನೆ ಮುಂದಿನ ಅಚ್ಚೂ ಹಿಂದಿನ ಅಚ್ಚೂ ಒಂದೇ ವೇಗದಲ್ಲಿ ತಿರುಗುವಂತೆ ಬಿಗಿಯಲ್ಪಡುತ್ತವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ದೊಡ್ಡ ವೃತ್ತದಲ್ಲಿ ಸಾಗುತ್ತವೆ. ಎರಡು ಅಚ್ಚುಗಳ ನಡುವೆ 2.6 ಮೀಟರು ಅಂತರವಿದ್ದು, ಹಿಂದಿನ ಅಚ್ಚು 8 ಮೀಟರು ತ್ರಿಜ್ಯದಲ್ಲಿ ಹೊರಳುತ್ತಿದ್ದರೆ, ಪೈಥಾಗೊರಸನ ಪ್ರಮೇಯದಂತೆ ಮುಂದಿನದು ಸುಮಾರು 8.4 ಮೀಟರು ತ್ರಿಜ್ಯದಲ್ಲಿ ಹೊರಳುತ್ತದೆ. ಒಂದು ಲಂಬಕೋನದಷ್ಟು ತಿರುಗುವುದರೊಳಗೆ ಮುಂದಿನ ಚಕ್ರಗಳು ಸುಮಾರು 65 ಸೆಂಟಿಮೀಟರು ಹೆಚ್ಚು ದಾರಿಯನ್ನು ನಡೆದಿರಬೇಕು. ಮಣ್ಣಿನಲ್ಲಾದರೆ ಚಕ್ರಗಳು ತುಸು ಜಾರಿ ಈ ವ್ಯತ್ಯಾಸವನ್ನು ನುಂಗಿಬಿಡುತ್ತವೆ. ಒಣಗಿದ ಡಾಂಬರಿನ ಮೇಲೆ ಜಾರಲು ಎಡೆಯಿಲ್ಲ. ಹಲ್ಲುಚಕ್ರಗಳೂ ದಂಡಗಳೂ ತಿರುಚಿಕೊಳ್ಳುತ್ತವೆ, ಟೈರು ಸವೆಯುತ್ತದೆ. ಆದುದರಿಂದ ಹೆದ್ದಾರಿಯಲ್ಲಿ ಇಂಥ ವಾಹನವು ಎರಡು ಚಕ್ರದ ವಾಹನವೇ ಸರಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಾಲ್ಕು ಚಕ್ರದ ಬಲವು ಹೊರಡುವುದಕ್ಕೆ ನೆರವಾಗುತ್ತದೆಯೇ ಹೊರತು ನಿಲ್ಲುವುದಕ್ಕಲ್ಲ. ಬ್ರೇಕು ಎಲ್ಲ ಕಾರುಗಳಿಗೂ ನಾಲ್ಕು ಚಕ್ರಗಳಲ್ಲಿಯೇ ಇರುತ್ತದೆ. ಮಳೆಯಲ್ಲಿ ನೆನೆದ ಚಾರ್ಮಾಡಿಯ ತಿರುವಿನಲ್ಲಿ ಜೀಪಿಗೂ ಸಣ್ಣ ಕಾರಿಗೂ ಆಸರೆ ಒಂದೇ: ಟೈರಿಗೂ ರಸ್ತೆಗೂ ನಡುವಣ ಘರ್ಷಣೆ. ಹತ್ತುವಾಗ ಸಿಕ್ಕಿದ ಧೈರ್ಯವನ್ನು ಇಳಿಯುವಾಗಲೂ ನಂಬಿದವರು ಅಪಾಯಕ್ಕೆ ಸಿಲುಕುತ್ತಾರೆ.

ಇನ್ನು ಎತ್ತರದ ವಿಚಾರ. ನೆಲಕ್ಕೂ ವಾಹನದ ಹೊಟ್ಟೆಗೂ ನಡುವೆ ಎಷ್ಟು ಅಂತರವಿದೆಯೆಂದು ಎಲ್ಲರೂ ಕೇಳುತ್ತಾರೆ. ಅಚ್ಚುಗಳ ನಡುವಣ ದೂರವನ್ನು ಕೇಳುವವರು ಕಡಿಮೆ. ಇದಕ್ಕೆ ಸುಜುಕಿ ಜಿಮ್ನಿಯೇ ಒಳ್ಳೆಯ ನಿದರ್ಶನ. 2018ರಲ್ಲಿ ಜಪಾನಿನಲ್ಲಿ ಬಂದ ಮೂರು ಬಾಗಿಲಿನ ಜಿಮ್ನಿಯ ಅಚ್ಚುಗಳ ಅಂತರ 2250 ಮಿಲಿಮೀಟರು. 2023ರಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂದ ಐದು ಬಾಗಿಲಿನದು 2590. ಎರಡರ ಹೊಟ್ಟೆಯೂ ನೆಲದಿಂದ 210 ಮಿಲಿಮೀಟರು ಮೇಲೆಯೇ ಇದೆ. ಆದರೂ ದಿಬ್ಬವೊಂದರ ನೆತ್ತಿಯನ್ನು ಹೊಟ್ಟೆ ತಗಲದೆ ದಾಟಬಲ್ಲ ಕೋನವು ಮೊದಲನೆಯದಕ್ಕೆ 28 ಡಿಗ್ರಿ, ಎರಡನೆಯದಕ್ಕೆ 24. ಉದ್ದವಾದ ಹಲಗೆಯನ್ನು ಬದುವಿನ ಮೇಲೆ ಸಾಗಿಸಿದವರಿಗೆ ಇದರ ಕಾರಣವನ್ನು ವಿವರಿಸಬೇಕಾಗಿಲ್ಲ. ಕಳೆದುಕೊಂಡ ಆ ನಾಲ್ಕು ಡಿಗ್ರಿಗಳಿಗೆ ಪ್ರತಿಯಾಗಿ ಸಿಕ್ಕಿದ್ದೇನು? ಹಿಂದಿನ ಆಸನದಲ್ಲಿ ಕಾಲು ಚಾಚುವ ಎಡೆ, ಒಳಹೋಗಲು ಬಾಗಿಲು, ಹೆದ್ದಾರಿಯಲ್ಲಿ ಹಿಂದುಮುಂದಾಗಿ ತೂಗುವುದರಲ್ಲಿ ಇಳಿತ. ಮಹೀಂದ್ರಾದವರೂ ಇದೇ ದಾರಿಯನ್ನು ಹಿಡಿದರು: 2020ರ ಥಾರಿನ ಅಚ್ಚುಗಳ ಅಂತರ 2450 ಮಿಲಿಮೀಟರು, 2024ರ ಥಾರ್ ರಾಕ್ಸಿನಲ್ಲಿ 2850. ದಿನನಿತ್ಯದ ಬಳಕೆಗೆ ಉದ್ದವಾದುದೇ ಮೇಲೆಂದು ನಮ್ಮ ಮತ.

ಎತ್ತರಕ್ಕೆ ತೆರಬೇಕಾದ ಬೆಲೆ ಇದಕ್ಕಿಂತ ಗಂಭೀರವಾದುದು. ತಿರುವಿನಲ್ಲಿ ವಾಹನವು ಮಗುಚುವುದೋ ಇಲ್ಲವೋ ಎಂಬುದನ್ನು ಒಂದು ಸರಳ ಭಿನ್ನರಾಶಿ ಬಹುಮಟ್ಟಿಗೆ ತಿಳಿಸುತ್ತದೆ: ಎಡಬಲ ಚಕ್ರಗಳ ನಡುವಣ ದೂರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಬೇಕು. ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯು 2001ರ ಮಾದರಿಗಳಿಂದ ಮೊದಲ್ಗೊಂಡು ವಾಹನಗಳನ್ನು ತೂಗಿ ನೋಡಲು ಈ ಸಂಖ್ಯೆಯನ್ನೇ ಆಧಾರವಾಗಿ ಹಿಡಿದಿದೆ. ತಗ್ಗಾದ ಕಾರುಗಳಲ್ಲಿ ಇದು ಸುಮಾರು 1.4, ಎತ್ತರದ ವಾಹನಗಳಲ್ಲಿ 1ರಿಂದ 1.3ರ ಆಸುಪಾಸು. ಲೆಕ್ಕಕ್ಕಾಗಿ 1200 ಕಿಲೋಗ್ರಾಂ ತೂಕದ, ಚಕ್ರಗಳ ನಡುವೆ 140 ಸೆಂಟಿಮೀಟರು ಅಗಲದ ವಾಹನವೊಂದರ ಗುರುತ್ವಕೇಂದ್ರವು 65 ಸೆಂಟಿಮೀಟರು ಎತ್ತರದಲ್ಲಿದೆಯೆಂದು ಭಾವಿಸೋಣ. ಭಾಗಲಬ್ಧ 1.08. ಈಗ ಮಾಳಿಗೆಯ ಮೇಲೆ, ನೆಲದಿಂದ 180 ಸೆಂಟಿಮೀಟರು ಎತ್ತರದಲ್ಲಿ, 60 ಕಿಲೋಗ್ರಾಂ ಸಾಮಾನನ್ನು ಹೇರಿರಿ. ಗುರುತ್ವಕೇಂದ್ರವು 70 ಸೆಂಟಿಮೀಟರನ್ನು ಮೀರಿ ಏರಿ, ಭಾಗಲಬ್ಧವು 1ಕ್ಕಿಂತ ಕೆಳಗಿಳಿಯುತ್ತದೆ!

30 ಮೀಟರು ತ್ರಿಜ್ಯದ ತಿರುವನ್ನು ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಹಾಯ್ದರೆ ವಾಹನದ ಮೇಲೆ ಅಡ್ಡಲಾಗಿ ಬೀಳುವ ಬಲವು ಅದರ ತೂಕದ 0.42ರಷ್ಟು, 55 ಕಿಲೋಮೀಟರಿಗೆ ಏರಿಸಿದರೆ 0.79ರಷ್ಟು. ಒಣ ರಸ್ತೆಯ ಘರ್ಷಣಾಂಕವೂ ಸುಮಾರು 0.8 ಆದುದರಿಂದ ಸಮತಟ್ಟಾದ ರಸ್ತೆಯಲ್ಲಿ ವಾಹನವು ಮಗುಚುವುದಕ್ಕೆ ಮೊದಲೇ ಜಾರುತ್ತದೆ. ಆದರೆ ಜಾರುತ್ತಿರುವ ಚಕ್ರಕ್ಕೆ ರಸ್ತೆಯಂಚಿನ ಕಲ್ಲೋ ಮೆತ್ತನೆಯ ಮಣ್ಣೋ ಅಡ್ಡ ಸಿಕ್ಕಿತೆನ್ನಿ, ಎಡವಿದ ಮನುಷ್ಯನಂತೆ ಅದು ಉರುಳುತ್ತದೆ. ಜಾರುವಿಕೆಯನ್ನು ಮೊದಲಲ್ಲಿಯೇ ಗುರುತಿಸಿ ಒಂದೊಂದು ಚಕ್ರಕ್ಕೂ ಬೇರೆಬೇರೆಯಾಗಿ ಬ್ರೇಕು ಹಾಕುವ ವಿದ್ಯುನ್ಮಾನ ಸ್ಥಿರತಾ ವ್ಯವಸ್ಥೆಯೊಂದು ಈಚಿನ ವಾಹನಗಳಲ್ಲಿದೆ. ಹಳೆಯ ಜೀಪನ್ನು ಅಗ್ಗವೆಂದು ಕೊಂಡು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಓಡಾಡಬೇಕೆನ್ನುವವರು, ಇದು ಅದರಲ್ಲಿ ಇಲ್ಲವೆಂಬುದನ್ನು ಬೆಲೆಯ ಜೊತೆಗೆ ಸೇರಿಸಿ ಎಣಿಸಬೇಕು. ಅಂದಕ್ಕಾಗಿ ದೊಡ್ಡ ಟೈರುಗಳನ್ನು ತೊಡಿಸಿ ವಾಹನವನ್ನು ಇನ್ನಷ್ಟು ಎತ್ತರಿಸುವ ಹುಡುಗರ ಚಪಲವನ್ನು ನಾವು ಮೆಚ್ಚಲಾರೆವು.

ಕುಲುಕಾಟಕ್ಕೂ ಕಾರಣವುಂಟು. ಜಿಮ್ನಿಯಲ್ಲಿ ಎಡಬಲ ಚಕ್ರಗಳನ್ನು ಒಂದೇ ಗಟ್ಟಿ ಅಚ್ಚು ಕೂಡಿಸುತ್ತದೆ. ಒಂದು ಚಕ್ರವು ಬಂಡೆಯ ಮೇಲೇರಿದರೆ ಇನ್ನೊಂದು ಕೆಳಕ್ಕೆ ಒತ್ತಲ್ಪಟ್ಟು ನೆಲವನ್ನು ಬಿಡುವುದಿಲ್ಲ; ಕಾಡುದಾರಿಗೆ ಇದು ಬಹಳ ಒಳ್ಳೆಯದು. ರಸ್ತೆಯಲ್ಲಾದರೋ ಒಂದು ಗುಂಡಿಯ ಪೆಟ್ಟು ಎರಡು ಚಕ್ರಗಳಿಗೂ ಹಂಚಿಹೋಗುತ್ತದೆ. ಸ್ಪ್ರಿಂಗಿನ ಬಿಗುವನ್ನು ತೂಕದಿಂದ ಭಾಗಿಸಿ ವರ್ಗಮೂಲವನ್ನು ತೆಗೆದರೆ, ತೂಗಾಟದ ಆವರ್ತವು ಅದರ ಅನುಪಾತದಲ್ಲಿರುತ್ತದೆಯಷ್ಟೆ. ಸೆಕೆಂಡಿಗೆ ಒಂದು ಅಥವಾ ಒಂದೂವರೆ ಸಲದ ತೂಗಾಟವು ಮನುಷ್ಯನಿಗೆ ಹಿತ. ಪೂರ್ಣ ಹೊರೆಗೆಂದು ಬಿಗಿದ ಜಿಪ್ಸಿಯ ಪಟ್ಟೆಸ್ಪ್ರಿಂಗುಗಳು, ಒಬ್ಬನೇ ಕುಳಿತಾಗ ಅದಕ್ಕಿಂತ ಬೇಗ ಕುಣಿಯುವುದು ಸಹಜವೇ.

ತಗ್ಗು ಗೇರಿನ ಉಪಯೋಗವನ್ನು ಮಾತ್ರ ಕಡೆಗಣಿಸಲಾಗದು. 1500 ಕಿಲೋಗ್ರಾಂ ವಾಹನವು 100 ಮೀಟರು ಆಳಕ್ಕೆ ಇಳಿದಾಗ ಬಿಡುಗಡೆಯಾಗುವ ಶಕ್ತಿಯು ಸುಮಾರು ನಾಲ್ಕೂವರೆ ಲೀಟರು ತಣ್ಣೀರನ್ನು ಕುದಿಬಿಂದುವಿಗೆ ಏರಿಸಬಲ್ಲದು. ತಗ್ಗು ಗೇರಿನಲ್ಲಿ ಇದರ ಬಹುಭಾಗವನ್ನು ಎಂಜಿನ್ನೇ ಹೀರಿಕೊಳ್ಳುತ್ತದೆ. ಇಲ್ಲದಿದ್ದರೆ ಇಷ್ಟೂ ಬ್ರೇಕಿನ ಪಾಲು.

ಹಾಗಾದರೆ ಆಯ್ಕೆ ಹೇಗೆ? ಮಳಿಗೆಗೆ ಹೋಗುವ ಮೊದಲು ನಿಮ್ಮ ದಾರಿಯನ್ನೇ ಅಳೆಯಿರಿ. ಗಾಡಿಜಾಡುಗಳ ನಡುವಣ ದಿಂಡು ಎಷ್ಟು ಎತ್ತರವಿದೆ? ಒಂದು ಹಲಗೆಗೆ ಕೋನಮಾಪಕವನ್ನು ಅಂಟಿಸಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟರೆ ಏರಿನ ಕೋನ ತಿಳಿಯುತ್ತದೆ. ವಿದ್ಯಾರ್ಥಿಗಳು ಮಾಡಿನೋಡಬಹುದಾದ ಪ್ರಯೋಗವಿದು. ವರ್ಷದಲ್ಲಿ ಎಷ್ಟು ದಿನ ನಿಜವಾದ ಕೆಸರಿರುತ್ತದೆಂದು ಎಣಿಸಿರಿ. ದಿಂಡು ಗೇಣಿಗಿಂತ ಬಹಳ ತಗ್ಗಾಗಿದ್ದು ಏರು ಗಟ್ಟಿ ನೆಲದ್ದಾದರೆ, ತುಸು ಎತ್ತರದ ಸಾಧಾರಣ ಕಾರೇ ಸಾಕು. ಕೆಸರುಂಟು, ಕಡಿದಾದ ಏರಿಲ್ಲ ಎನ್ನುವವರಿಗೆ ಮಧ್ಯಮ ಮಾರ್ಗವೊಂದಿದೆ: 2014ರಲ್ಲಿ ನಮ್ಮಲ್ಲಿ ಬಂದಿದ್ದ ನಾಲ್ಕು ಚಕ್ರಬಲದ ರೆನೋ ಡಸ್ಟರಿನಂತೆ, ಕಾರಿನ ಮೈಕಟ್ಟು, ಬಿಡಿಬಿಡಿಯಾಗಿ ಆಡುವ ಚಕ್ರಗಳು, ಬೇಕಾದಾಗ ಹಿಂಚಕ್ರಗಳಿಗೂ ಬಲ. ಕಡಿದಾದ ಕೆಸರೇರು, ಹಳ್ಳ, ಹೊರೆ ಮೂರೂ ಸೇರಿದ ದಾರಿಗೆ ಮಾತ್ರ ತಗ್ಗು ಗೇರಿನ ನಿಜವಾದ ಜೀಪುಜಾತಿಯೇ ಬೇಕು. ಪೆಟ್ಟಿಗೆಯಾಕಾರದ ಈ ವಾಹನಗಳನ್ನು ಹೆದ್ದಾರಿಯಲ್ಲಿ ಓಡಿಸುವವರು ಗಾಳಿಯ ತಡೆಯನ್ನೂ ನೆನೆಯಬೇಕು: ವೇಗವನ್ನು 60ರಿಂದ 90ಕ್ಕೆ ಏರಿಸಿದರೆ ಆ ತಡೆ ಎರಡೂಕಾಲು ಪಟ್ಟಾಗುತ್ತದೆ, ಪೆಟ್ರೋಲಿನ ಖರ್ಚು ಅದಕ್ಕೆ ತಕ್ಕಂತೆ ಏರುತ್ತದೆ.

ಯಾವುದನ್ನೇ ಕೊಂಡರೂ ಟೈರಿನ ಗಾಳಿ ನಿಮ್ಮ ಕೈಯಲ್ಲಿದೆ. ಚಕ್ರವೊಂದರ ಮೇಲೆ 300 ಕಿಲೋಗ್ರಾಂ ಭಾರವಿದ್ದು ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ, ಎಂದರೆ ಗಾಳಿ ತುಂಬುವವರ ಲೆಕ್ಕದಲ್ಲಿ 28 ಪೌಂಡು, ಇದ್ದರೆ ನೆಲವನ್ನು ಮುಟ್ಟುವ ರಬ್ಬರು ಸುಮಾರು 150 ಚದರ ಸೆಂಟಿಮೀಟರು. ಒತ್ತಡವನ್ನು ಅರ್ಧಕ್ಕೆ ಇಳಿಸಿದರೆ ಮುಟ್ಟುವ ಜಾಗ ಹೆಚ್ಚುಕಡಿಮೆ ಇಮ್ಮಡಿಯಾಗಿ, ಮೆತ್ತನೆಯ ಮಣ್ಣಿನಲ್ಲಿ ಚಕ್ರವು ಹೂಳುವುದು ತಗ್ಗುತ್ತದೆ. ಆದರೆ ಹಾಗೆ ಮೆದುವಾದ ಟೈರು ವೇಗವಾಗಿ ಉರುಳಿದರೆ ಬಳುಕಿ ಬಳುಕಿ ಕಾಯುತ್ತದೆ, ಕೊನೆಗೆ ಒಡೆಯಲೂಬಹುದು. ಆದುದರಿಂದ ಒತ್ತಡವನ್ನು ಅಳೆಯುವ ಮಾಪಕವನ್ನೂ ಸಣ್ಣ ಗಾಳಿಯಂತ್ರವನ್ನೂ ವಾಹನದಲ್ಲಿಯೇ ಇಟ್ಟುಕೊಂಡಿದ್ದು, ಮಣ್ಣುದಾರಿ ಮುಗಿದು ಡಾಂಬರು ಸಿಕ್ಕುವಲ್ಲಿ ನಿಲ್ಲಿಸಿ, ನಾಲ್ಕು ಚಕ್ರಗಳಿಗೂ ಮೊದಲಿನಷ್ಟು ಗಾಳಿಯನ್ನು ತುಂಬಿಯೇ ಮುಂದೆ ಹೊರಡಬೇಕು.