ನ್ಯಾಸ್ ಕೆಟ್ಟರೆ ಕಡತಗಳೂ ಕೆಟ್ಟಂತೆಯೇ?

ಛಾಯಾಚಿತ್ರ ಸ್ಟುಡಿಯೋ, ಲೆಕ್ಕಪರಿಶೋಧಕರ ಕಚೇರಿ, ಚಿಕಿತ್ಸಾಲಯ, ಮನೆ – ಹೀಗೆ ಹಲವೆಡೆ ಒಂದು ಪುಟ್ಟ ಪೆಟ್ಟಿಗೆ ಸದ್ದಿಲ್ಲದೆ ಸ್ಥಾನ ಪಡೆದಿದೆ. ಒಂದೆರಡು ಅಥವಾ ನಾಲ್ಕು ಹಾರ್ಡ್ ಡಿಸ್ಕ್‌ಗಳನ್ನು ಒಡಲಲ್ಲಿ ಇರಿಸಿಕೊಂಡು, ಜಾಲದಲ್ಲಿರುವ ಎಲ್ಲ ಕಂಪ್ಯೂಟರ್‌ಗಳಿಗೂ ಕಡತಗಳನ್ನು ಒದಗಿಸುವ ಈ ಸಾಧನದ ಹೆಸರು ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್, ಸಂಕ್ಷಿಪ್ತವಾಗಿ ನ್ಯಾಸ್. ವರ್ಷಗಟ್ಟಲೆ ಹಗಲಿರುಳು ದುಡಿದ ಪೆಟ್ಟಿಗೆ ಒಂದು ದಿನ ಇದ್ದಕ್ಕಿದ್ದಂತೆ ಸ್ತಬ್ಧವಾದಾಗ, ಎಲ್ಲವೂ ಕಳೆದುಹೋಯಿತು ಎಂದೇ ಮಾಲೀಕರು ಭಾವಿಸುತ್ತಾರೆ. ಅನೇಕ ಸಂದರ್ಭಗಳಲ್ಲಿ ಅದು ನಿಜವಲ್ಲ. ಆದರೆ ಗಾಬರಿಯಲ್ಲಿ ಕೈಗೊಳ್ಳುವ ಆತುರದ ಕ್ರಮಗಳು ಅದನ್ನು ನಿಜವಾಗಿಸಿಬಿಡುವುದುಂಟು.

ಪೆಟ್ಟಿಗೆ ಬೇರೆ, ಡಿಸ್ಕ್ ಬೇರೆ

ನ್ಯಾಸ್ ಎಂಬುದು ವಾಸ್ತವವಾಗಿ ಒಂದು ಸಣ್ಣ ಕಂಪ್ಯೂಟರ್. ಪವರ್ ಅಡಾಪ್ಟರ್, ಮದರ್‌ಬೋರ್ಡ್, ಪ್ರೊಸೆಸರ್ ಇವು ಅದರ ದೇಹವಾದರೆ, ಮಾಹಿತಿ ಇರುವುದು ಡಿಸ್ಕ್‌ಗಳಲ್ಲಿ. ದೇಹಕ್ಕೆ ತಗುಲಿದ ರೋಗ ಡಿಸ್ಕ್‌ಗೂ ತಗುಲಲೇಬೇಕೆಂದಿಲ್ಲ.

ಇದಕ್ಕೆ ಉತ್ತಮ ನಿದರ್ಶನ 2017ರಲ್ಲಿ ಬಯಲಾದ ಇಂಟೆಲ್ ಆಟಮ್ ಸಿ2000 ಸರಣಿಯ ಪ್ರೊಸೆಸರ್ ದೋಷ. ಚಿಪ್‌ನ ಕ್ಲಾಕ್ ಸಂಕೇತ ಕಾಲಕ್ರಮೇಣ ಕ್ಷೀಣಿಸಿ ನಿಂತುಹೋಗುತ್ತಿತ್ತು. ಯಂತ್ರ ಮತ್ತೆ ಚಾಲನೆಗೊಳ್ಳುತ್ತಿರಲಿಲ್ಲ. ಈ ಪ್ರೊಸೆಸರ್ ಬಳಸಿದ್ದ ಕೆಲವು ಮಾದರಿಗಳಿಗೆ ನ್ಯಾಸ್ ತಯಾರಕ ಸಂಸ್ಥೆ ಸಿನಾಲಜಿ ವಾರಂಟಿ ಅವಧಿಯನ್ನು ವಿಸ್ತರಿಸಿತು. ಅಲ್ಲಿ ಕೆಟ್ಟದ್ದು ಬೋರ್ಡ್ ಮಾತ್ರ. ಡಿಸ್ಕ್‌ಗಳಲ್ಲಿನ ಬರಹಕ್ಕೆ ಧಕ್ಕೆ ಇರಲಿಲ್ಲ.

ಆದ್ದರಿಂದ ಪರೀಕ್ಷೆ ಅಗ್ಗದ ಭಾಗದಿಂದ ಆರಂಭವಾಗಬೇಕು. ಮೊದಲ ಶಂಕೆ ಪವರ್ ಅಡಾಪ್ಟರ್ ಮೇಲೆ. ಅದೇ ವೋಲ್ಟೇಜ್, ಅಷ್ಟೇ ಅಥವಾ ಹೆಚ್ಚಿನ ಆಂಪಿಯರ್ ಸಾಮರ್ಥ್ಯ ಹಾಗೂ ಅದೇ ಬಗೆಯ ಪಿನ್ ಉಳ್ಳ ಮತ್ತೊಂದು ಅಡಾಪ್ಟರ್ ಜೋಡಿಸಿ ನೋಡುವುದು ಉಚಿತ. ಅದರಿಂದ ಪ್ರಯೋಜನವಾಗದಿದ್ದಲ್ಲಿ, ಹಳೆಯ ಡಿಸ್ಕ್‌ಗಳನ್ನು ಹಾಗೆಯೇ ಸ್ವೀಕರಿಸುವ ಅದೇ ಕಂಪನಿಯ ಮತ್ತೊಂದು ಮಾದರಿ ಇದೆಯೇ ಎಂದು ತಯಾರಕರ ಪಟ್ಟಿಯಲ್ಲಿ ನೋಡಬೇಕು. ಹೊಸ ಪೆಟ್ಟಿಗೆಯ ಪರದೆಯಲ್ಲಿ ವರ್ಗಾವಣೆ ಮತ್ತು ಹೊಸ ಸ್ಥಾಪನೆ ಎಂಬ ಎರಡು ಆಯ್ಕೆಗಳು ಎದುರಾಗಬಹುದು. ಎರಡನೆಯದನ್ನು ಒತ್ತಿದರೆ ಹಳೆಯ ಮಾಹಿತಿ ಅಳಿಸಿಹೋಗುತ್ತದೆ.

ರೇಡ್ ಲೆಕ್ಕಾಚಾರ

ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕ್ಯಾಟ್ಜ್ 1988ರಲ್ಲಿ ಪ್ರಕಟಿಸಿದ ಪ್ರಬಂಧ, ಹಲವು ಅಗ್ಗದ ಡಿಸ್ಕ್‌ಗಳನ್ನು ಒಗ್ಗೂಡಿಸುವ ರೇಡ್ ಪದ್ಧತಿಗೆ ಹೆಸರು ಮತ್ತು ರೂಪ ಕೊಟ್ಟಿತು. ರೇಡ್ 1ರಲ್ಲಿ ಎರಡು ಡಿಸ್ಕ್‌ಗಳಲ್ಲೂ ಒಂದೇ ಬರಹ. ಒಂದು ಹೋದರೆ ಇನ್ನೊಂದು ಉಳಿಯುತ್ತದೆ. ರೇಡ್ 5 ಕೊಂಚ ಜಾಣತನದ ಲೆಕ್ಕ. ಮೊದಲ ಡಿಸ್ಕ್‌ನಲ್ಲಿ 7, ಎರಡನೆಯದರಲ್ಲಿ 5 ಇದ್ದರೆ ಮೂರನೆಯದರಲ್ಲಿ ಅವುಗಳ ಮೊತ್ತ 12 ಬರೆದಿಟ್ಟಂತೆ. ಯಾವುದೇ ಒಂದು ಸಂಖ್ಯೆ ಕಳೆದುಹೋದರೂ ಉಳಿದೆರಡರಿಂದ ಅದನ್ನು ಕಂಡುಹಿಡಿಯಬಹುದು. ಎರಡು ಕಳೆದುಹೋದರೆ ಮಾತ್ರ ಲೆಕ್ಕ ಮುಗಿಯಿತು.

ಅಪಾಯ ಇಲ್ಲಿಯೇ ಇದೆ. ಕೆಟ್ಟ ಡಿಸ್ಕ್‌ನ ಜಾಗಕ್ಕೆ ಹೊಸದನ್ನು ಹಾಕಿದಾಗ, ಉಳಿದ ಡಿಸ್ಕ್‌ಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ ಮರುನಿರ್ಮಾಣ ಮಾಡಬೇಕಾಗುತ್ತದೆ. ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ 4 ಟೆರಾಬೈಟ್ ಡಿಸ್ಕ್ ಓದಲು 7 ಗಂಟೆಗೂ ಹೆಚ್ಚು ಬೇಕು. ಒಟ್ಟಿಗೆ ಕೊಂಡು ಒಟ್ಟಿಗೆ ದುಡಿದ ಡಿಸ್ಕ್‌ಗಳು ಒಟ್ಟಿಗೇ ಮುಪ್ಪಾಗಿರುತ್ತವೆ. ಈ ಶ್ರಮದಲ್ಲಿ ಇನ್ನೊಂದು ಕೈಕೊಟ್ಟರೆ ಆಶ್ಚರ್ಯವಿಲ್ಲ. ಹಾಗಾಗಿ ಮರುನಿರ್ಮಾಣಕ್ಕೆ ಮುನ್ನ, ಇನ್ನೂ ಓದಲು ಸಿಗುತ್ತಿರುವ ಮುಖ್ಯ ಕಡತಗಳನ್ನು ಬೇರೆಡೆ ನಕಲಿಸಿಕೊಳ್ಳುವುದು ವಿವೇಕ.

ಲಿನಕ್ಸ್ ಎಂಬ ಕೀಲಿಕೈ

ಹೊಂದುವ ಪೆಟ್ಟಿಗೆ ದೊರೆಯದಿದ್ದರೂ ದಾರಿ ಮುಚ್ಚಿಲ್ಲ. ಮನೆ ಮತ್ತು ಸಣ್ಣ ಕಚೇರಿಗಳ ನ್ಯಾಸ್‌ಗಳಲ್ಲಿ ಬಹುಪಾಲು ಲಿನಕ್ಸ್ ಆಧಾರಿತ. ಯಾವ ಡಿಸ್ಕ್ ಯಾವ ಕೂಟಕ್ಕೆ ಸೇರಿದ್ದು, ಅದರ ಕ್ರಮಾಂಕ ಎಷ್ಟು ಎಂಬ ವಿವರ ಡಿಸ್ಕ್‌ನಲ್ಲೇ ದಾಖಲಾಗಿರುತ್ತದೆ. ಡಿಸ್ಕ್‌ಗಳನ್ನು ಸಾಮಾನ್ಯ ಕಂಪ್ಯೂಟರ್‌ಗೆ ಜೋಡಿಸಿ, ಪೆನ್‌ಡ್ರೈವ್‌ನಿಂದ ಲಿನಕ್ಸ್ ಚಾಲನೆಗೊಳಿಸಿದರೆ, ಎಂಡಿಎಡಿಎಂ ಎಂಬ ಉಚಿತ ತಂತ್ರಾಂಶ ಆ ವಿವರ ಓದಿ ಕೂಟವನ್ನು ಮರುಜೋಡಿಸಬಲ್ಲದು. ಇದನ್ನು ಓದಲು ಮಾತ್ರ ಅವಕಾಶವಿರುವ ಕ್ರಮದಲ್ಲಿಯೇ ಮಾಡಬೇಕು. ಇರುವ ಕೂಟವನ್ನು ಜೋಡಿಸುವ ಆದೇಶದ ಬದಲು ಹೊಸದನ್ನು ಸೃಷ್ಟಿಸುವ ಆದೇಶ ನೀಡಿದರೆ ಹಳೆಯ ದಾಖಲೆಯ ಮೇಲೆ ಹೊಸದು ಬರೆಯಲ್ಪಡುತ್ತದೆ.

ಇದೇ ಡಿಸ್ಕನ್ನು ವಿಂಡೋಸ್ ಕಂಪ್ಯೂಟರ್‌ಗೆ ಜೋಡಿಸಿದರೆ, ಅದು ಗುರುತು ಹಿಡಿಯಲಾಗದೆ ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳಬಹುದು. ಹೌದು ಎಂಬ ಒಂದೇ ಕ್ಲಿಕ್ ವರ್ಷಗಳ ದುಡಿಮೆಯನ್ನು ಅಪಾಯಕ್ಕೆ ಒಡ್ಡುತ್ತದೆ.

ಕೆಲವು ಹಳೆಯ ಸಾಧನಗಳಲ್ಲಿ ಬೇರೆಯೇ ತೊಡಕಿದೆ. ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಕಡತಗಳನ್ನು 64 ಕಿಲೋಬೈಟ್ ತುಂಡುಗಳಲ್ಲಿ ಬರೆಯುತ್ತಿತ್ತು. ಸಾಮಾನ್ಯ ಕಂಪ್ಯೂಟರ್‌ಗಳ ಲಿನಕ್ಸ್ ಬಹುಕಾಲ 4 ಕಿಲೋಬೈಟ್‌ಗಿಂತ ದೊಡ್ಡ ತುಂಡನ್ನು ಒಪ್ಪುತ್ತಿರಲಿಲ್ಲ. ಡಿಸ್ಕ್ ಸುಸ್ಥಿತಿಯಲ್ಲಿದ್ದರೂ ತೆರೆಯಲಾಗದೆ, ಫ್ಯೂಸ್ ಇಎಕ್ಸ್‌ಟಿ2 ಎಂಬ ಪ್ರತ್ಯೇಕ ತಂತ್ರಾಂಶದ ನೆರವು ಪಡೆಯಬೇಕಾಗುತ್ತಿತ್ತು. ಕಡತಗಳನ್ನು ಗೂಢಲಿಪೀಕರಿಸಿ ಇರಿಸಿದ್ದಲ್ಲಿ ಪಾಸ್‌ವರ್ಡ್ ಅಥವಾ ಕೀಲಿ ಕಡತ ಇಲ್ಲದೆ ಯಾವ ತಂತ್ರಾಂಶವೂ ನೆರವಾಗದು.

ಡಿಸ್ಕ್ ಸದ್ದು ಮಾಡಿದರೆ

ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ತಕ್ಷಣ ವಿದ್ಯುತ್ ತೆಗೆಯಬೇಕು. ಓದುವ ಹೆಡ್ ತಟ್ಟೆಯ ಮೇಲ್ಮೈಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತದೆ. ಧೂಳಿನ ಕಣವೂ ಅದಕ್ಕೆ ಬಂಡೆ. ಆದ್ದರಿಂದ ಡಿಸ್ಕನ್ನು ಬಿಚ್ಚುವ ಕೆಲಸ ಧೂಳುರಹಿತ ಕೊಠಡಿಯಲ್ಲಿ ಮಾತ್ರ ಸಾಧ್ಯ. ಫ್ರೀಜರ್‌ನಲ್ಲಿಟ್ಟು ತೆಗೆಯುವ ಹಳೆಯ ಉಪಾಯದಿಂದ ಒಳಗೆ ತೇವ ಕಟ್ಟುವುದೇ ಹೆಚ್ಚು. ಅದೇ ಮಾದರಿಯ ಡಿಸ್ಕ್‌ನ ಬೋರ್ಡ್ ತಂದು ಬದಲಿಸುವುದೂ ಸುಲಭವಲ್ಲ. ಆಧುನಿಕ ಬೋರ್ಡ್‌ಗಳಲ್ಲಿ ಆಯಾ ಡಿಸ್ಕ್‌ಗೇ ಮೀಸಲಾದ ಹೊಂದಾಣಿಕೆಯ ವಿವರಗಳಿರುವ ಕಾರಣ, ಅವನ್ನೂ ವರ್ಗಾಯಿಸಬೇಕಾಗುತ್ತದೆ.

ಸದ್ದಿಲ್ಲದೆ, ಅಲ್ಲಲ್ಲಿ ಮಾತ್ರ ಓದಲಾಗದ ಡಿಸ್ಕ್‌ಗೆ ಜಿಎನ್‌ಯು ಡಿಡಿರೆಸ್ಕ್ಯೂ ತಂತ್ರಾಂಶ ಉಪಯುಕ್ತ. ಅದು ಸುಲಭವಾಗಿ ದೊರೆಯುವ ಭಾಗಗಳನ್ನು ಮೊದಲು ನಕಲಿಸಿ, ಹಾಳಾದ ಭಾಗಗಳತ್ತ ನಂತರ ಮರಳುತ್ತದೆ. ಮುಂದಿನ ಪ್ರಯತ್ನಗಳೆಲ್ಲ ಆ ನಕಲಿನ ಮೇಲೆಯೇ ನಡೆಯಬೇಕು.

ರೇಡ್ ಬ್ಯಾಕಪ್ ಅಲ್ಲ

ರೇಡ್ ಕಾಪಾಡುವುದು ಡಿಸ್ಕ್ ವೈಫಲ್ಯದಿಂದ ಮಾತ್ರ. ಸಿಡಿಲು, ಕಳವು, ವೈರಸ್, ತಪ್ಪಿ ಒತ್ತಿದ ಡಿಲೀಟ್ ಇವುಗಳ ಮುಂದೆ ಅದು ಅಸಹಾಯಕ. 2021ರ ಜೂನ್‌ನಲ್ಲಿ ಅಂತರ್ಜಾಲಕ್ಕೆ ತೆರೆದುಕೊಂಡಿದ್ದ ಅನೇಕ ಮೈ ಬುಕ್ ಲೈವ್ ಸಾಧನಗಳನ್ನು ದುಷ್ಕರ್ಮಿಗಳು ದೂರದಿಂದಲೇ ಬರಿದುಗೊಳಿಸಿದರು. ಆ ಸಾಧನಗಳಿಗೆ ಕೊನೆಯ ತಂತ್ರಾಂಶ ಪರಿಷ್ಕರಣೆ ಸಿಕ್ಕಿದ್ದು 2015ರಲ್ಲಿ. ಯಂತ್ರಾಂಶ ಗಟ್ಟಿಯಾಗಿದ್ದೂ ಮಾಹಿತಿ ಹೋಗಬಹುದೆಂಬುದಕ್ಕೆ ಇದು ಸಾಕ್ಷಿ.

ನೆನಪಿಡಿ

* ಡಿಸ್ಕ್ ಹೊರತೆಗೆಯುವ ಮುನ್ನ ಪ್ರತಿಯೊಂದಕ್ಕೂ ಸ್ಥಾನದ ಸಂಖ್ಯೆ ಬರೆದು ಅಂಟಿಸಿ, ಚಿತ್ರ ತೆಗೆದಿಡಿ.

* ಫಾರ್ಮ್ಯಾಟ್, ಇನಿಶಿಯಲೈಸ್, ರಿಪೇರಿ ಎಂಬ ಪ್ರಶ್ನೆಗಳಿಗೆ ಒಪ್ಪಿಗೆ ನೀಡಬೇಡಿ.

* ರಕ್ಷಿಸಿದ ಕಡತಗಳನ್ನು ಅದೇ ಡಿಸ್ಕ್‌ಗೆ ಮರಳಿ ಬರೆಯಬೇಡಿ.

* ಮಾಹಿತಿ ಅಮೂಲ್ಯವಾಗಿದ್ದರೆ ಸ್ವಯಂ ಪ್ರಯೋಗಕ್ಕೆ ಮುನ್ನವೇ ತಜ್ಞರನ್ನು ಕಾಣಿ. ಪ್ರತಿ ವಿಫಲ ಯತ್ನವೂ ಅವರ ಕೆಲಸವನ್ನು ಕಠಿಣಗೊಳಿಸುತ್ತದೆ.

* ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರು ಅಥವಾ ಕಟ್ಟಡದಲ್ಲಿ – ಈ ನಿಯಮವನ್ನು ಪೆಟ್ಟಿಗೆ ಆರೋಗ್ಯವಾಗಿರುವಾಗಲೇ ಪಾಲಿಸಿ.